ಗಾಜಿನ ಗಾಡಿಯ ತಂಪು

"ಇಪ್ಪತ್ತಾರು," ಎಂದು ಐಸಣ್ಣ ಡ್ಯಾಶ್‌ಬೋರ್ಡಿನ ಗಾಳಿಕಿಂಡಿಗೆ ಸಿಕ್ಕಿಸಿದ್ದ ಥರ್ಮಾಮೀಟರನ್ನು ಎಳೆದು ಬೆಳಕಿಗೆ ಹಿಡಿದ. "ಹೊರಗೆ ನಲವತ್ತೆರಡು ಇದೆ. ಇಪ್ಪತ್ತು ವರ್ಷದ ಮುದಿ ಗಾಡಿ ಇಷ್ಟು ತಣ್ಣಗೆ ಉಸಿರು ಬಿಡ್ತಿದೆ ಅಂದ್ರೆ ಅದೇ ಹೆಚ್ಚು. ಸ್ವಲ್ಪ ಗ್ಯಾಸ್ ತುಂಬಿಸ್ತೀನಿ, ತಗೊಂಡು ಹೋಗು."

"ಸಾಲಲ್ಲ ಐಸಣ್ಣ. ಕೂತವರ ಮೈ ಹತ್ರ ಇಪ್ಪತ್ತೆರಡು ದಾಟಬಾರ್ದು. ಆರು ಗಂಟೆ ಹೊತ್ತು."

"ಏನು ಸಾಗಿಸ್ತೀಯಪ್ಪ ಅಂಥದ್ದು? ಗಾಜಾ, ಐಸ್‌ಕ್ರೀಮಾ?"

ಗಾಡಿಯವನು ನಗಲಿಲ್ಲ. "ನಮ್ಮಕ್ಕನ್ನ," ಎಂದ.

ಅವನು ಕಿಟಕಿ ಗಾಜು ಸಾಗಿಸುವವನು. ಪಿಕಪ್ಪಿನ ಹಿಂಭಾಗದಲ್ಲಿ ಗಾಜನ್ನು ಒರಗಿಸಿ ನಿಲ್ಲಿಸುವ ಮರದ ಚೌಕಟ್ಟು, ಅದಕ್ಕೆ ಸುತ್ತಿದ ಹಳೇ ಕಂಬಳಿ. ಅವನ ಎರಡೂ ಮುಂಗೈಗಳ ಮೇಲೆ ಸಣ್ಣ ಸಣ್ಣ ಗೀರುಗಳು, ಯಾರೋ ಪೆನ್ಸಿಲ್ಲಿನಿಂದ ಲೆಕ್ಕ ಬರೆದು ಅಳಿಸಿದ ಹಾಗೆ. ಮೂವತ್ತೈದರ ಆಸುಪಾಸಿನ ಮನುಷ್ಯ, ಆದರೆ ಮಾತಾಡುವಾಗ ಐವತ್ತು ದಾಟಿದವನಂತೆ ನಡುನಡುವೆ ಉಸಿರು ತೆಗೆದುಕೊಳ್ಳುತ್ತಿದ್ದ.

"ಅಕ್ಕನಿಗೆ ಬೆವರು ಬರಲ್ಲ. ಮೈ ಅರ್ಧಕ್ಕಿಂತ ಜಾಸ್ತಿ ಬೆಂದುಹೋಗಿದೆ. ಬೇರೆ ಕಡೆಯಿಂದ ಚರ್ಮ ತೆಗೆದು ತೇಪೆ ಹಾಕಿದಾರೆ. ತೇಪೆ ಹಾಕಿದ ಕಡೆ ಬೆವರೋ ತೂತೇ ಇರಲ್ಲವಂತೆ. ಮುಚ್ಚಳ ಹಾಕಿದ ಪಾತ್ರೆ ಇದ್ದ ಹಾಗೆ ಈ ಮೈ, ಒಳಗಿನ ಬಿಸಿ ಹೊರಗೆ ಹೋಗಲ್ಲ ಅಂದ್ರು ಡಾಕ್ಟ್ರು. ಹೋದ ಬೇಸಿಗೇಲಿ ಬಸ್ಸಿನಲ್ಲಿ ಕರ್ಕೊಂಡು ಹೊರಟೆ. ಎರಡು ಗಂಟೆ ಆಗೋದ್ರೊಳಗೆ ಪ್ರಜ್ಞೆ ಇಲ್ಲ."

"ಬಾಡಿಗೆ ಕಾರು?"

"ಮಂಡಿ ಮಡಚೋಕೆ ಆಗಲ್ಲ ಅವಳಿಗೆ. ಕಾರಿನ ಸೀಟು ತಗ್ಗು. ಇದಾದ್ರೆ ಕುರ್ಚಿ ಇದ್ದ ಹಾಗೆ ಎತ್ತರ ಇದೆ, ಕಾಲು ಇಳಿಬಿಟ್ಟು ಕೂರ್ತಾಳೆ." ಅವನು ಸೀಟನ್ನು ಕೈಯಿಂದ ತಟ್ಟಿದ. "ಹದಿನೆಂಟನೇ ತಾರೀಖು ಬೆಳಿಗ್ಗೆ ಹತ್ತೂವರೆಗೆ ವಿಚಾರಣೆ. ಅಲ್ಲಿರಬೇಕು. ಅವತ್ತೇ ವಾಪಸ್ ಬರಬೇಕು, ಉಳ್ಕೊಳ್ಳೋಕೆ ಅವಳಿಗೆ ಒಗ್ಗೋ ಜಾಗ ಇಲ್ಲ. ಹೋಗ್ತಾ ಜಾವದಲ್ಲಿ ಹೊರಟ್ರೂ ಬರ್ತಾ ಸುಡುಬಿಸಿಲೇ."

"ಏನು ವಿಚಾರಣೆ?"

"ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆ ಬಾಯ್ಲರ್ ಸಿಡೀತಲ್ಲ, ಮೂರು ವರ್ಷದ ಹಿಂದೆ. ನಮ್ಮ ಭಾವ ಅದರ ಆಪರೇಟರ್. ಅಕ್ಕನೂ ಅಲ್ಲೇ ಬಟ್ಟೆ ಮಡಚೋ ಕೆಲಸಕ್ಕಿದ್ಲು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಐಸಣ್ಣ ಥರ್ಮಾಮೀಟರನ್ನು ಜೇಬಿಗೆ ಹಾಕಿದ, ತೆಗೆದ, ಬನಿಯನ್ನಿನ ಅಂಚಿನಿಂದ ಒರೆಸಿದ, ಮತ್ತೆ ಜೇಬಿಗೆ ಹಾಕಿದ. "ಗಾಡಿ ಬಿಟ್ಟು ಹೋಗು," ಎಂದ. ದನಿ ತನ್ನದಲ್ಲವೇನೋ ಎಂಬಂತೆ ಕೇಳಿಸಿತು. "ನಾಲ್ಕು ದಿನ ಬೇಕು."

ಈ ಬೀದಿಗೆ ಬಂದು ವಾಹನಗಳ ಎಸಿ ಕೆಲಸ ಎಂದು ಹಲಗೆ ಬರೆಸಿದಾಗ ಪಕ್ಕದ ಟೈರಿನಂಗಡಿಯವನು ಅವನಿಗೆ ಐಸಣ್ಣ ಎಂದು ಹೆಸರಿಟ್ಟಿದ್ದ. ಅದಕ್ಕೂ ಮುಂಚೆ ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದರೆ ಹೇಳಲೆಂದು ಅವನೊಂದು ಉತ್ತರ ತಯಾರಿಟ್ಟುಕೊಂಡಿದ್ದ. ಅದು ಬಳಕೆಯಾಗದೆ ಹಾಗೇ ಉಳಿದಿತ್ತು.

ಅವನು ಆ ಬಣ್ಣದ ಕಾರ್ಖಾನೆಯಲ್ಲಿ ಹದಿನಾಲ್ಕು ತಿಂಗಳು ಫಿಟ್ಟರ್ ಆಗಿದ್ದ. ಗುತ್ತಿಗೆಯ ಕೆಲಸ, ಹಾಜರಿ ಪುಸ್ತಕದಲ್ಲಿ ಹೆಸರಿರಲಿಲ್ಲ. ಬಾಯ್ಲರಿನ ನೆತ್ತಿಯ ಮೇಲಿದ್ದ ಸೇಫ್ಟಿ ವಾಲ್ವ್ ಸವೆದು, ಒತ್ತಡ ಏರುವ ಮೊದಲೇ ಬಾಯಿ ಬಿಟ್ಟು ಹಬೆಯನ್ನೆಲ್ಲ ಆಕಾಶಕ್ಕೆ ಊದಿಬಿಡುತ್ತಿತ್ತು. ದಿನಕ್ಕೆ ಐದಾರು ಸಲ ಬಣ್ಣದ ತೊಟ್ಟಿಗಳು ತಣ್ಣಗಾಗಿ ಕೆಲಸ ನಿಲ್ಲುತ್ತಿತ್ತು. ಒಂದು ಶುಕ್ರವಾರ ಮಧ್ಯಾಹ್ನ, ಆಪರೇಟರ್ ಊಟಕ್ಕೆ ಹೋಗಿದ್ದಾಗ, ಸೂಪರ್‌ವೈಸರ್ ಅವನನ್ನು ಕರೆದು ಹೇಳಿದ: "ಹೊಸ ವಾಲ್ವ್ ಸೋಮವಾರ ಬರುತ್ತೆ. ಅಲ್ಲೀತನಕ ಇದನ್ನ ಸ್ವಲ್ಪ ಬಿಗಿ ಮಾಡು. ಎರಡು ದಿನಕ್ಕೆ ತಾನೆ?" ಐಸಣ್ಣ ಏಣಿ ಹತ್ತಿ, ಸೀಲಿನ ತಂತಿ ಕತ್ತರಿಸಿ, ಸ್ಪ್ರಿಂಗಿನ ತಿರುಪನ್ನು ಮೂರು ಸುತ್ತು ಬಿಗಿದು ಇಳಿದ. ಐದು ನಿಮಿಷದ ಕೆಲಸ. ಸೋಮವಾರ ಬಂತು, ವಾಲ್ವ್ ಬರಲಿಲ್ಲ. ಬುಧವಾರ ಅವನ ವಾರದ ರಜೆ. ಬಾಯ್ಲರ್ ಸಿಡಿದದ್ದು ಬುಧವಾರ.

ಆಪರೇಟರೂ ಸೇರಿ ನಾಲ್ಕು ಜನ ಸತ್ತರು. ಆಪರೇಟರೇ ವಾಲ್ವ್ ಬಿಗಿ ಮಾಡಿದ್ದ ಎಂದು ಕಾರ್ಖಾನೆಯವರು ವರದಿ ಬರೆದುಕೊಟ್ಟರು. ಸತ್ತವನಿಗೆ ಬಾಯಿಲ್ಲ. ಸೂಪರ್‌ವೈಸರ್ ಐಸಣ್ಣನ ಮನೆಗೆ ಬಂದು, ಕೊಟ್ಟ ನೀರನ್ನೂ ಮುಟ್ಟದೆ, "ನೀನು ನಮ್ಮಲ್ಲಿ ಕೆಲಸಾನೇ ಮಾಡಿಲ್ಲ, ತಿಳೀತಾ? ಅದು ನಿನಗೂ ಒಳ್ಳೇದು, ನನಗೂ ಒಳ್ಳೇದು," ಎಂದು ಹೇಳಿ ಹೋದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಐಸಣ್ಣ ಬಾಯಿಗೆ ಬೀಗ ಹಾಕಿಕೊಂಡು ಊರಿನ ಈ ತುದಿಗೆ ಬಂದು, ಬಿಸಿಯ ಸಹವಾಸವೇ ಬೇಡವೆಂದು ತಂಪಿನ ಕೆಲಸ ಹಿಡಿದಿದ್ದ.

ಮಾರನೆಯ ದಿನ ಗಾಡಿಯ ಮೂತಿ ಬಿಚ್ಚಿದ. ರೇಡಿಯೇಟರಿಗೂ ಅದರ ಮುಂದಿನ, ಎಸಿಯ ಬಿಸಿ ಹೊರಹಾಕುವ ಕಂಡೆನ್ಸರಿಗೂ ನಡುವೆ ಇಪ್ಪತ್ತು ವರ್ಷದ ಕಸ ಹಪ್ಪಳದಂತೆ ಒತ್ತಿಕೊಂಡು ಕೂತಿತ್ತು: ಧೂಳು, ಹುಳುಗಳ ರೆಕ್ಕೆ, ಗಾಜಿನ ನಡುವೆ ತುರುಕುವ ಹುಲ್ಲು. ಅದನ್ನು ತೊಳೆದು, ಮಡಚಿಕೊಂಡಿದ್ದ ತಗಡಿನ ಎಳೆಗಳನ್ನು ಹೆಣ್ಣುಮಗುವಿನ ತಲೆ ಬಾಚುವಂತೆ ಒಂದೊಂದಾಗಿ ಬಾಚಿ ನೇರ ಮಾಡಿದ. ಹಳೆಯ ಗ್ಯಾಸ್ ತೆಗೆದ. ತೇವ ಹೀರುವ ಡ್ರೈಯರ್ ಬದಲಿಸಿದ. ಪೈಪುಗಳ ಒಳಗಿನ ಗಾಳಿ, ತೇವ ಒಂದು ಹನಿಯೂ ಉಳಿಯದಂತೆ ಎರಡು ಗಂಟೆ ಪಂಪು ಹಾಕಿ ಎಳೆದ. ಹೊಸ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಿಸಿದ. ಥರ್ಮಾಮೀಟರು ಹತ್ತೊಂಬತ್ತು ತೋರಿಸಿತು.

ಎರಡನೆಯ ದಿನ ಕಳ್ಳ ಸಿಕ್ಕಿದ. ಚಳಿಗಾಲಕ್ಕೆಂದು ಇಂಜಿನ್ನಿನ ಬಿಸಿನೀರನ್ನು ಕ್ಯಾಬಿನ್ನಿಗೆ ತರುವ ಪೈಪಿನ ನಲ್ಲಿ ಪೂರ್ತಿ ಮುಚ್ಚುತ್ತಿರಲಿಲ್ಲ. ಒಂದು ಕಡೆ ಎಸಿ ತಣ್ಣಗೆ ಮಾಡುವುದು, ಪಕ್ಕದಲ್ಲೇ ಈ ಪೈಪು ಕಾಯಿಸುವುದು. ಅತ್ತೆ ಸೊಸೆ ಒಂದೇ ಒಲೆ ಹಂಚಿಕೊಂಡ ಹಾಗೆ. ಆ ಪೈಪನ್ನೇ ಕತ್ತರಿಸಿ ಬೆಣೆ ಹೊಡೆದ. ಹೊರಗಿನ ಗಾಳಿ ಎಳೆಯುವ ಬಾಗಿಲು ಮುರಿದುಹೋಗಿತ್ತು, ಅದನ್ನು ತಗಡಿನಿಂದ ಮುಚ್ಚಿದ. ಚಾವಣಿಯ ಬಟ್ಟೆ ಬಿಚ್ಚಿ ಒಳಗೆ ಬೆಳ್ಳಿ ಬಣ್ಣದ ಶೀಟು ಹಾಸಿದ. ಬಾಗಿಲುಗಳಿಗೆ ಹೊಸ ರಬ್ಬರು. ಸಂಜೆಗೆ ಥರ್ಮಾಮೀಟರಿನಲ್ಲಿ ಹನ್ನೊಂದು.

"ಏನಯ್ಯ ಐಸಣ್ಣ, ಗಾಡೀಲಿ ಹೆಣ ಇಡ್ತಾರಾ ಹೇಗೆ?" ಎಂದು ಟೈರಿನಂಗಡಿಯವನು ಕೂಗಿ ಕೇಳಿದ. ಐಸಣ್ಣ ರಬ್ಬರಿನ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದ.

ಮೂರನೆಯ ದಿನ ಗಾಜಿನವನೂ ಶೆಡ್ಡಿಗೆ ಬಂದು ಕೂತ. ನಡುಮಧ್ಯಾಹ್ನ ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿ ಇಂಜಿನ್ ಚಾಲೂ ಇಟ್ಟು ನೋಡಿದರು. ಹತ್ತು ನಿಮಿಷ ತಣ್ಣನೆ ಗಾಳಿ. ಆಮೇಲೆ ಬಾನೆಟ್ಟಿನ ಒಳಗೆ ಟಕ್ ಎಂದಿತು, ಗಾಳಿ ಬಿಸಿಯಾಯಿತು. ಎರಡು ನಿಮಿಷ ಬಿಟ್ಟು ಮತ್ತೆ ತಣ್ಣಗೆ. ಮತ್ತೆ ಟಕ್.

"ಒತ್ತಡ ಜಾಸ್ತಿ ಆಗ್ತಿದೆ," ಎಂದ ಐಸಣ್ಣ, ಗೇಜಿನ ಮುಳ್ಳು ನೋಡುತ್ತ. "ಆದಾಗ ಒಂದು ಸ್ವಿಚ್ಚು ಕಂಪ್ರೆಸರನ್ನ ನಿಲ್ಲಿಸುತ್ತೆ."

"ಟೈರಂಗಡಿಯವರು ಹೇಳಿದ್ರು. ಆ ಸ್ವಿಚ್ಚಿನ ಎರಡು ವೈರ್ ಸೇರಿಸಿ ಟೇಪ್ ಸುತ್ತಿಬಿಟ್ರೆ ನಿಲ್ಲೋದೇ ಇಲ್ಲವಂತೆ." ಗಾಜಿನವನು ಆಗಲೇ ಬಾನೆಟ್ಟಿನೊಳಗೆ ಬಗ್ಗಿ ಕೈ ಚಾಚಿದ್ದ. "ಇದೇ ತಾನೆ? ಒಂದು ದಿನಕ್ಕೆ ತಾನೆ ಐಸಣ್ಣ? ಬಂದ ಮೇಲೆ ಬಿಚ್ಚಿದ್ರಾಯ್ತು."

"ಮುಟ್ಟಬೇಡ ಅದನ್ನ!"

ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಐಸಣ್ಣನ ಕೈಯಿಂದ ಸ್ಪ್ಯಾನರ್ ಜಾರಿ ಸಿಮೆಂಟಿನ ಮೇಲೆ ಬಿತ್ತು. ಗಾಜಿನವನು ಕೈ ಹಿಂದಕ್ಕೆ ತೆಗೆದುಕೊಂಡು ಪೆಚ್ಚಾಗಿ ನಿಂತ. ಐಸಣ್ಣ ಬಾನೆಟ್ಟಿನ ಅಂಚು ಹಿಡಿದುಕೊಂಡ; ಕಾದ ತಗಡು ಅಂಗೈಯನ್ನು ಸುಡುತ್ತಿದ್ದರೂ ಬಿಡಲಿಲ್ಲ.

"ನೋಡಪ್ಪ," ಎಂದ ಕೊನೆಗೆ, ಮೆಲ್ಲಗೆ. "ಅದು ನಿಲ್ಲಿಸ್ತಿದೆ ಅಂದ್ರೆ ಎಲ್ಲೋ ಏನೋ ಸರಿ ಇಲ್ಲ ಅಂತ ಹೇಳ್ತಿದೆ. ಹೇಳೋರ ಬಾಯಿ ಮುಚ್ಚಿಸೋದಲ್ಲ ರಿಪೇರಿ ಅಂದ್ರೆ."

ಹೇಳಿ ಮುಗಿಸಿದ ಮೇಲೆ ಆ ಮಾತು ಅವನಿಗೇ ನುಂಗಲಾರದ ತುತ್ತಾಯಿತು. ಶೆಡ್ಡಿನ ಹಿಂದೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದ. ರೇಡಿಯೇಟರ್ ಹಿಂದಿನ ಫ್ಯಾನು ಬಿಸಿಯಾದ ಮೇಲೆ ಹಿಡಿತ ತಪ್ಪಿ ಸೋಮಾರಿಯಂತೆ ತಿರುಗುತ್ತಿರುವುದು ಸಂಜೆಯ ಹೊತ್ತಿಗೆ ತಿಳಿಯಿತು. ಗುಜರಿಯಿಂದ ಬೇರೆ ಫ್ಯಾನು ತಂದು ಕೂರಿಸಿದ. ಸಾಲದೆಂದು ಕಂಡೆನ್ಸರಿನ ಮುಂದೆ ಇನ್ನೊಂದು ಸಣ್ಣ ಕರೆಂಟಿನ ಫ್ಯಾನು ಜೋಡಿಸಿದ. ಗಾಡಿ ಒಂದು ಗಂಟೆ ನಿಂತರೂ ಟಕ್ ಎನ್ನಲಿಲ್ಲ. ಒಂಬತ್ತು.

ನಾಲ್ಕನೆಯ ದಿನ ಗಾಜಿನವನು ಅಕ್ಕನನ್ನೇ ಕರೆದುಕೊಂಡು ಬಂದ. ಒಂದು ಸುತ್ತು ಹೋಗಿ ನೋಡೋಣ, ಅವಳಿಗೆ ಧೈರ್ಯ ಬರಲಿ ಎಂದ. ನಲವತ್ತರ ಹೆಂಗಸು. ಕುತ್ತಿಗೆಯ ಚರ್ಮ ಬಿಗಿದು ಗದ್ದ ಒಂದು ಪಕ್ಕಕ್ಕೆ ಸೆಳೆದಿತ್ತು. ಹಾಗಾಗಿ ಯಾವಾಗಲೂ ಏನನ್ನೋ ಕಿವಿಗೊಟ್ಟು ಕೇಳುತ್ತಿರುವವಳಂತೆ ಕಾಣುತ್ತಿದ್ದಳು. ತಲೆಗೆ ಬಿಳಿಯ ಹತ್ತಿಯ ಬಟ್ಟೆ. ತಮ್ಮ ಸೊಂಟ ಹಿಡಿದು ಎತ್ತಿ ಕೂರಿಸಿದ. ಐಸಣ್ಣ ಗೇಜು ನೋಡುವ ನೆವದಲ್ಲಿ ನಡುವೆ ಕೂತ. ಅವಳು ತನ್ನನ್ನು ಯಾವತ್ತೂ ನೋಡಿರಲಿಲ್ಲವೆಂದು ಅವನಿಗೆ ಗೊತ್ತಿತ್ತು. ಬಟ್ಟೆ ಮಡಚುವ ಹೆಂಗಸರದ್ದು ಬೇರೆ ಗೇಟು, ಬೇರೆ ಹೊತ್ತು. ಬಾಯ್ಲರ್ ಸಿಡಿದಾಗ ನಡುವಿನ ಗೋಡೆ ಬಿದ್ದು ಹಬೆ ಅವರ ಕೋಣೆಗೆ ನುಗ್ಗಿತ್ತು.

ಹೊರವರ್ತುಲ ರಸ್ತೆಯವರೆಗೂ ಅವಳು ಮಾತಾಡಲಿಲ್ಲ. ಆಮೇಲೆ, "ತಣ್ಣಗಿದೆ," ಎಂದಳು. ಸ್ವಲ್ಪ ತಡೆದು, "ಯಾವುದೋ ಸ್ವಿಚ್ಚಿನ ವಿಷಯಕ್ಕೆ ಇವನಿಗೆ ಬೈದ್ರಂತೆ," ಎಂದಳು.

"ತಪ್ಪು ತಿಳ್ಕೋಬೇಡಿ ಅಮ್ಮ."

"ಅಯ್ಯೋ, ಇಲ್ಲ. ಬೈದದ್ದೇ ಒಳ್ಳೇದಾಯ್ತು. ನಮ್ಮ ಮನೆಯವರೂ ಹಾಗೇ. ಕುಕ್ಕರಿನ ವಿಸಿಲ್ಲನ್ನ ಸೌಟಲ್ಲಿ ಒತ್ತಿ ಹಿಡಿದ್ರೆ ಮನೆ ಹಾರಿಹೋಗೋ ಹಾಗೆ ಕೂಗಾಡೋರು. ಅಂಥವರು ವಾಲ್ವ್ ಬಿಗಿ ಮಾಡಿದ್ರು ಅಂತ ಬರೆದಿದಾರೆ ನೋಡಿ." ಅವಳು ಗಾಳಿಕಿಂಡಿಯ ಮುಂದೆ ಅಂಗೈ ಹಿಡಿದು ತಿರುಗಿಸುತ್ತಿದ್ದಳು. "ಅವತ್ತು ಬೆಳಿಗ್ಗೆ ಹೊರಡ್ತಾ ಹೇಳಿದ್ರು. ಯಾರೋ ಮುಟ್ಟಿದಾರೆ ಕಣೇ ವಾಲ್ವನ್ನ, ಸೀಲು ಕಿತ್ತಿದೆ, ಇವತ್ತು ಸೂಪರ್‌ವೈಸರನ್ನ ಕೇಳ್ತೀನಿ ಅಂತ. ಅದನ್ನೇ ಹೋಗಿ ಹೇಳಬೇಕು. ಮಗಳನ್ನ ಸ್ಕೂಲಲ್ಲಿ ಬಾಯ್ಲರ್ ಸಿಡಿಸಿದೋನ ಮಗಳು ಅಂತಾರೆ."

ಐಸಣ್ಣ ಗೇಜಿನಿಂದ ಕಣ್ಣು ತೆಗೆಯಲಿಲ್ಲ.

"ಒಬ್ಬ ಫಿಟ್ಟರ್ ಬಗ್ಗೆ ಹೇಳೋರು. ಕೈ ಚೆನ್ನಾಗಿದೆ, ಯಾವ ನಟ್ಟನ್ನೂ ಅರ್ಧಕ್ಕೆ ಬಿಡೋನಲ್ಲ ಅಂತ. ಅವನಿಗೇನಾದ್ರೂ ಗೊತ್ತಿರ್ತಿತ್ತು. ಅವನೂ ಸತ್ತನೋ ಏನೋ, ಪಾಪ."

ಶೆಡ್ಡಿಗೆ ಮರಳಿ ಇಳಿಯುವಾಗ ಐಸಣ್ಣನ ಬಾಯಿಂದ ತಾನೇ ತಾನಾಗಿ ಮಾತು ಬಂತು: "ಹದಿನೆಂಟಕ್ಕೆ ನಾನೂ ಬರ್ತೀನಿ. ದಾರೀಲಿ ಏನಾದ್ರೂ ಕೆಟ್ಟರೆ ಒಬ್ಬ ಇರಲಿ."

ಐಸಣ್ಣನ ಹೆಂಡತಿಗೆ ಮಾತ್ರ ವಾಲ್ವಿನ ವಿಷಯ ಗೊತ್ತಿತ್ತು. ಬುತ್ತಿ ಕಟ್ಟುತ್ತ ಕೇಳಿದಳು: "ಗಾಡಿ ಸರಿ ಮಾಡಿಕೊಟ್ರಿ, ಮುಗೀತು. ನೀವ್ಯಾಕೆ ಹೋಗ್ಬೇಕು?"

"ಕೆಟ್ಟರೆ ಅಂತ."

"ಗಾಡಿ ಕೆಡಲ್ಲ. ಕೆಡೋದು ನೀವು." ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಹಾಕಿದಳು. "ಮೂರು ವರ್ಷ ಆಯ್ತು. ಸತ್ತೋರು ಎದ್ದು ಬರ್ತಾರಾ? ನಿಮ್ಮನ್ನ ಒಳಗೆ ಹಾಕಿದ್ರೆ ಈ ಮನೆಗೆ ದಿಕ್ಕು ಯಾರು?"

"ನಾನು ರಿಪೇರಿಯವನಾಗಿ ಹೋಗ್ತಿದೀನಿ ಅಷ್ಟೇ."

ಅದು ಸುಳ್ಳಾಗಿರಲಿಲ್ಲ. ಜಾವದಲ್ಲಿ ಗಾಡಿ ಹತ್ತುವಾಗಲೂ ಅವನು ಹಾಗೇ ಅಂದುಕೊಂಡಿದ್ದ. ನೀರಿನ ಕ್ಯಾನುಗಳು, ಒಂದು ಬೆಲ್ಟು, ಎರಡು ಫ್ಯೂಸು, ಗ್ಯಾಸಿನ ಡಬ್ಬಿ ತೆಗೆದುಕೊಂಡಿದ್ದ. ಎಂಟು ಗಂಟೆಗೇ ಬಿಸಿಲು ಬೆಳ್ಳಗೆ ಕಾದಿತ್ತು. ಒಂಬತ್ತರ ಹೊತ್ತಿಗೆ ಸೇತುವೆಯ ಮೇಲೆ ಲಾರಿಯೊಂದು ಅಡ್ಡಬಿದ್ದು ರಸ್ತೆ ಕಟ್ಟಿಹೋಯಿತು. ಹಿಂದೆ ಮುಂದೆ ಕಣ್ಣು ಹಾಯುವಷ್ಟು ದೂರ ವಾಹನಗಳು, ನೆರಳಿಲ್ಲ. ಐಸಣ್ಣ ಇಳಿದು ಗಾಡಿಯ ಮೂತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಗ್ಗಿನಿಂದ ಸ್ವಲ್ಪ ಸ್ವಲ್ಪವೇ ಕಂಡೆನ್ಸರಿನ ಮೇಲೆ ನೀರು ಸುರಿಯುತ್ತ ಹೋದ. ನಲವತ್ತು ನಿಮಿಷ. ಮುಂದಿನ ಗಾಡಿಯ ಹೊಗೆ ಮುಖಕ್ಕೆ ಹೊಡೆಯುತ್ತಿತ್ತು. ತಲೆ ಎತ್ತಿದಾಗಲೆಲ್ಲ ಗಾಜಿನ ಆಚೆ ಅಕ್ಕ ಅವನನ್ನೇ ನೋಡುತ್ತಿದ್ದಳು. ರಸ್ತೆ ಬಿಟ್ಟ ಮೇಲೆ ಅವನು ಹತ್ತಿ ಕೂತಾಗ ತನ್ನ ಒದ್ದೆ ಟವೆಲ್ಲನ್ನು ಅವನಿಗೆ ಕೊಟ್ಟು, "ಒರೆಸ್ಕೊಳ್ಳಿ ಅಣ್ಣ," ಎಂದಳು.

ಕಚೇರಿ ಹಳೆಯ ಕಟ್ಟಡದ ನೆಲಮಹಡಿಯಲ್ಲಿತ್ತು. ಹೆಸರು ಕರೆಯುವವರೆಗೂ ಅಕ್ಕನನ್ನು ಗಾಡಿಯಲ್ಲೇ, ಇಂಜಿನ್ ಚಾಲೂ ಇಟ್ಟು ಕೂರಿಸಿದರು. ಒಳಗೆ ಎಸಿ ಇರಲಿಲ್ಲ. ಮೂರು ಫ್ಯಾನುಗಳು ಬಿಸಿ ಗಾಳಿಯನ್ನು ಆ ಮೂಲೆಯಿಂದ ಈ ಮೂಲೆಗೆ ಸಾಗಿಸುತ್ತಿದ್ದವು. ವಿಚಾರಣೆಯ ಅಧಿಕಾರಿ ಸಭ್ಯ ಮನುಷ್ಯ, ಅವಳಿಗೆ ಫ್ಯಾನಿನ ನೇರ ಕೆಳಗೆ ಕುರ್ಚಿ ಹಾಕಿಸಿದ. ತಮ್ಮ ಬಾಟಲಿಯ ನೀರಿನಿಂದ ಅವಳ ತಲೆಬಟ್ಟೆ ಒದ್ದೆ ಮಾಡುತ್ತ ನಿಂತ. ಐಸಣ್ಣ ಹಿಂದಿನ ಬೆಂಚಿನಲ್ಲಿ, ಗೋಡೆಗೆ ಒರಗಿ.

ಅವಳು ಹೇಳಬೇಕಾದ್ದನ್ನು ಹೇಳಿದಳು. ಐದು ನಿಮಿಷವೂ ಆಗಲಿಲ್ಲ. ಟೈಪಿಸ್ಟ್ ಹೊಡೆದುಕೊಂಡ. ಕಾರ್ಖಾನೆಯ ವಕೀಲ ಎದ್ದ. ಕೂಗಾಡುವವನಲ್ಲ, ಬಹಳ ಮೃದುವಾಗಿ ಕೇಳಿದ:

"ಅಮ್ಮ, ಇದು ನಿಮ್ಮ ಗಂಡ ನಿಮಗೆ ಹೇಳಿದ್ದು. ನೀವು ಕಣ್ಣಾರೆ ನೋಡಿದ್ದಲ್ಲ, ಅಲ್ವಾ?"

"ಅಲ್ಲ."

"ಬೇರೆ ಯಾರಾದ್ರೂ ವಾಲ್ವ್ ಬಿಗಿ ಮಾಡಿದ್ದನ್ನ ನೋಡಿದವರು ಇದ್ದಾರಾ?"

"ಇದ್ದೋರು ಸತ್ತಿದಾರೆ."

"ಅಂದ್ರೆ ಈಗ ಯಾರೂ ಇಲ್ಲ. ಹಾಗಂತ ಬರ್ಕೊಳ್ಳಿ."

ಟೈಪಿಸ್ಟನ ಬೆರಳುಗಳು ಆಡಿದವು. ಅಕ್ಕನ ಮುಖ ಆಗಲೇ ಕೆಂಪೇರಿ ಉಬ್ಬತೊಡಗಿತ್ತು. ಬಾಯಿ ತೆರೆದು ಉಸಿರಾಡುತ್ತಿದ್ದಳು. ತಮ್ಮ ಗಡಿಯಾರ ನೋಡಿದ. ಅವಳು ಎದ್ದೇಳಲು ಕುರ್ಚಿಯ ಕೈ ಹಿಡಿದಳು. ಮಂಡಿ ಮಡಚದ್ದರಿಂದ ಒಮ್ಮೆಗೆ ಏಳಲಾಗಲಿಲ್ಲ, ಮತ್ತೆ ಕೂತು ಇನ್ನೊಮ್ಮೆ ಪ್ರಯತ್ನಿಸಿದಳು.

"ಬರ್ಕೋಬೇಡಿ," ಎಂದ ಐಸಣ್ಣ.

ಎಲ್ಲರೂ ಹಿಂದೆ ತಿರುಗಿದರು. ಅವನು ಯಾವಾಗ ಎದ್ದು ನಿಂತನೋ ಅವನಿಗೇ ಗೊತ್ತಾಗಿರಲಿಲ್ಲ.

"ನೀವು ಯಾರ್ರೀ?" ಎಂದ ಅಧಿಕಾರಿ.

"ಎಸಿ ರಿಪೇರಿಯವನು ಸಾರ್."

ಬಾಗಿಲ ಬಳಿ ಯಾರೋ ನಕ್ಕರು. ಅಧಿಕಾರಿ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ.

"ಆವಾಗ ಅಲ್ಲಿ ಫಿಟ್ಟರ್ ಆಗಿದ್ದೆ. ಆ ವಾಲ್ವ್ ಬಿಗಿ ಮಾಡಿದ್ದು ನಾನು. ಮೂರು ಸುತ್ತು. ಆಪರೇಟರ್ ಇರಲಿಲ್ಲ, ಊಟಕ್ಕೆ ಹೋಗಿದ್ರು. ಸೂಪರ್‌ವೈಸರ್ ಹೇಳಿದ್ರು, ಮಾಡಿದೆ."

ಆಮೇಲೆ ಕೋಣೆಯಲ್ಲಿ ಬಹಳ ಮಾತು ನಡೆಯಿತು. ಇಂಥ ಹೆಸರಿನ ಫಿಟ್ಟರೇ ನಮ್ಮ ಪುಸ್ತಕದಲ್ಲಿಲ್ಲ, ಇವನನ್ನು ಇವರೇ ಕರೆತಂದಿದ್ದಾರೆ, ಒಂದೇ ಗಾಡಿಯಲ್ಲಿ ಬಂದಿದ್ದಾರೆ ಎಂದು ವಕೀಲ ಮೃದುವಾಗಿಯೇ ಹೇಳಿದ. ಮೂರು ವರ್ಷ ಯಾಕೆ ಸುಮ್ಮನಿದ್ದೆ ಎಂದು ಅಧಿಕಾರಿ ಕೇಳಿದ. ಮುಂದಿನ ತಾರೀಖಿಗೆ ಬಂದು ಪ್ರಮಾಣ ಮಾಡಿ ಹೇಳಬೇಕು, ನೀನು ಹೇಳಿದ್ದು ನಿನ್ನ ಮೇಲೇ ಬರುತ್ತೆ, ಗೊತ್ತಿದೆಯಾ ಎಂದಾಗ ಐಸಣ್ಣ ತಲೆ ಆಡಿಸಿದ. 

"ಸಾರ್, ಯಾರೂ ಇಲ್ಲ ಅಂತ ಹೊಡೆದುಬಿಟ್ಟಿದೀನಿ. ಅಳಿಸಲಾ?" ಎಂದು ಟೈಪಿಸ್ಟ್ ಕೇಳಿದ.

"ಇರಲಿ. ಅದರ ಕೆಳಗೆ ಬರಿ," ಎಂದ ಅಧಿಕಾರಿ.

ಮೊಗಸಾಲೆಯಲ್ಲಿ ತಮ್ಮ ಐಸಣ್ಣನ ಅಂಗಿಯ ಎದೆ ಹಿಡಿದು ಗೋಡೆಗೆ ಒತ್ತಿದ. "ದಿನವಿಡೀ ನಿಮ್ಮ ಶೆಡ್ಡಲ್ಲಿ ಕೂತಿದ್ದೆ. ನಿಮ್ಮ ಕೈಯಿಂದ ಟೀ ಇಸ್ಕೊಂಡು ಕುಡಿದೆ. ಒಂದು ಮಾತು..."

"ಬಿಡು," ಎಂದಳು ಅಕ್ಕ. ಅವಳು ಕಂಬ ಹಿಡಿದು ನಿಂತಿದ್ದಳು. ಐಸಣ್ಣನನ್ನು ನೋಡಿ, ಬೆಲೆ ಕೇಳುವ ದನಿಯಲ್ಲಿ ಕೇಳಿದಳು: "ನಮ್ಮ ಮನೆಯವರು ನಿಮ್ಮನ್ನ ಕೇಳಿದ್ರಾ? ವಾಲ್ವ್ ಮುಟ್ಟಿದ್ದು ಯಾರು ಅಂತ?"

ಒಳಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹೆಂಡತಿಗೂ ಅವನು ಇದನ್ನು ಹೇಳಿರಲಿಲ್ಲ.

"ಕೇಳಿದ್ರು. ಮಂಗಳವಾರ ಸಂಜೆ, ಗೇಟಿನ ಹತ್ರ."

"ನೀವು?"

"ಗೊತ್ತಿಲ್ಲ ಅಂದೆ."

"ನಂಬಿದ್ರಾ?"

"ನಂಬಿದ್ರು. ನಾಳೆ ನಿನಗೆ ರಜೆ ಅಲ್ವಾ, ಆರಾಮಾಗಿರು ಅಂದ್ರು."

ಅಕ್ಕನ ಗದ್ದ ಇನ್ನಷ್ಟು ಪಕ್ಕಕ್ಕೆ ವಾಲಿತು. ಅಳುತ್ತಾಳೆ ಎಂದುಕೊಂಡ. ಅವಳು ಅಳಲಿಲ್ಲ. ತಮ್ಮನ ಭುಜ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಗಾಡಿಯ ಕಡೆ ಹೋದಳು.

ಐಸಣ್ಣ ಅಲ್ಲೇ ನಿಂತ. ಬಸ್ಸು ಎಲ್ಲಿ ಸಿಗುತ್ತದೆಂದು ಜವಾನನನ್ನು ಕೇಳುತ್ತಿದ್ದಾಗ ತಮ್ಮ ವಾಪಸು ಬಂದ. ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಹಿಂದೆ ಹತ್ತಿ."

"ನಾನು ಬಸ್ಸಲ್ಲಿ..."

"ಬಿಟ್ಟು ಹೋಗೋಣ ಅಂತಲೇ ನಾನು ಅಂದೆ. ಅಕ್ಕ ಬೇಡ ಅಂದ್ಲು. ಮುಂದಿನ ತಾರೀಖಿಗೆ ನೀವು ಬೇಕಲ್ಲ. ಅಲ್ಲೀತನಕ ಎಲ್ಲೂ ಓಡಿಹೋಗದ ಹಾಗೆ, ಸಾಯದ ಹಾಗೆ ನೋಡ್ಕೋಬೇಕಂತೆ. ಹತ್ತಿ."

ಅವನು ಹಿಂಬದಿಯ ಹಲಗೆ ಹಿಡಿದು ಹತ್ತಿದ. ಗಾಜಿನ ಚೌಕಟ್ಟಿಗೂ ಕ್ಯಾಬಿನ್ನಿಗೂ ನಡುವೆ ಒಬ್ಬ ಕೂರುವಷ್ಟು ಸಂದಿಯಿತ್ತು. ಕಾದ ತಗಡಿನ ಮೇಲೆ ಕಂಬಳಿ ಎಳೆದುಕೊಂಡು ಕೂತ. ಗಾಡಿ ಹೊರಟಿತು. ಬಿಸಿಲು ನೆತ್ತಿಯ ಮೇಲಿತ್ತು, ಗಾಳಿ ಒಲೆಯ ಬಾಯಿಂದ ಬಂದಂತೆ ಬರುತ್ತಿತ್ತು. ಬೆವರು ಕಣ್ಣಿಗೆ ಇಳಿಯಿತು, ಬೆನ್ನಿಗೆ ಇಳಿಯಿತು, ಅಂಗಿಯೆಲ್ಲ ಮೈಗೆ ಅಂಟಿ, ಒಣಗಿ, ಉಪ್ಪಿನ ಗೆರೆ ಮೂಡಿ, ಮತ್ತೆ ಒದ್ದೆಯಾಯಿತು. ನಡುದಾರಿಯಲ್ಲಿ ಗಾಡಿ ಒಮ್ಮೆ ನಿಂತಿತು. ತಮ್ಮ ಒಂದು ಬಾಟಲಿ ನೀರನ್ನು ಹಲಗೆಯ ಮೇಲಿಟ್ಟು, ಹೋಗಿ ಸ್ಟಿಯರಿಂಗ್ ಹಿಡಿದ.

ಕ್ಯಾಬಿನ್ನಿನ ಹಿಂಗಾಜಿಗೆ ಐಸಣ್ಣನ ಭುಜ ತಾಗುತ್ತಿತ್ತು. ಗಾಜು ತಣ್ಣಗಿತ್ತು. ಮೊದಲು ಭುಜವನ್ನು ಸರಿಸಿಕೊಂಡ. ರಸ್ತೆ ಕೆಟ್ಟಿತ್ತು, ಗಾಡಿ ಎಸೆದಾಗಲೆಲ್ಲ ಭುಜ ಮತ್ತೆ ಅಲ್ಲಿಗೇ ಬರುತ್ತಿತ್ತು.

ಬಿಸಿಲು ಓರೆಯಾದ ಮೇಲೆ ಅಕ್ಕನಿಗೆ ನಿದ್ದೆ ಹತ್ತಿತು. ಬಿಳಿಯ ಬಟ್ಟೆ ಕಟ್ಟಿದ ಅವಳ ತಲೆ ನಿಧಾನವಾಗಿ ಹಿಂದಕ್ಕೆ ವಾಲಿ ಗಾಜಿಗೆ ತಾಗಿತು. ಹಳ್ಳ ಬಂದಾಗ ಎದ್ದು ಮತ್ತೆ ಬಡಿಯಿತು. ತಮ್ಮನ ಕಣ್ಣು ರಸ್ತೆಯ ಮೇಲಿತ್ತು. ಇನ್ನೊಂದು ಹಳ್ಳ, ಇನ್ನೊಂದು ಸಣ್ಣ ಸದ್ದು. ಐಸಣ್ಣ ಮಂಡಿಯೂರಿ ತಿರುಗಿ, ಅವಳ ತಲೆ ಬಡಿಯುತ್ತಿದ್ದ ಜಾಗಕ್ಕೆ ಗಾಜಿನ ಈಚೆಯಿಂದ ಅಂಗೈ ಒತ್ತಿ ಹಿಡಿದು ಕೂತ.